ಕೆಂಪು ಚುಕ್ಕೆಯ ಸಿಡಿ

ನನ್ನ ಕಂಪ್ಯೂಟರ್ ಕೆಟ್ಟು ಕೂತ ಆ ವರ್ಷ, ಈ ಪ್ರಪಂಚದಲ್ಲಿ ನನಗೆ ಮಾತಾಡಬೇಕು ಅನ್ನಿಸುತ್ತಿದ್ದುದು ಒಬ್ಬಳ ಜೊತೆ ಮಾತ್ರ. ಅವಳು ನನ್ನ ವಾರಗಿತ್ತಿ, ನಮ್ಮನೆಯವರ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಯಲಹಂಕದ ಹತ್ತಿರದ ಕೋಗಿಲಿನಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದು ಹಾಲೋಬ್ಲಾಕ್ ಗೋಡೆ. ಅವಳು ಆ ಕಡೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಈ ಕಡೆ ನನಗೆ ಸೀನು ಬರುತ್ತಿತ್ತು. ಅಷ್ಟು ಹತ್ತಿರ ಇದ್ದುಕೊಂಡು ಒಂದು ಮಾತೂ ಆಡುವ ಹಾಗಿರಲಿಲ್ಲ.

ಮೊದಲು ಅದು ಒಂದೇ ಮನೆ. ನಾನು ದೊಡ್ಡಬಳ್ಳಾಪುರದಿಂದ ಮದುವೆಯಾಗಿ ಬಂದಾಗ ಅತ್ತೆ ಮಾವ ಇಬ್ಬರೂ ತೀರಿಕೊಂಡಿದ್ದರು. ಮನೆ ನಡೆಸುತ್ತಿದ್ದವಳು ಅಕ್ಕ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಭಾವ, ಅಂದರೆ ಅವಳ ಗಂಡ, ಮುಚ್ಚಿಹೋದ ಯಾವುದೋ ಆಫೀಸಿನಿಂದ ಒಂದು ಹಳೇ ಕಂಪ್ಯೂಟರ್ ತಂದಿದ್ದರು, ಮಗಳು ಓದಲಿ ಅಂತ. ಮಗಳು ಅದರ ಮೇಲೆ ಕ್ರೋಶಾ ಹೆಣೆದ ಬಟ್ಟೆ ಹೊದಿಸಿದ್ದು ಬಿಟ್ಟರೆ ಇನ್ನೇನೂ ಮಾಡಲಿಲ್ಲ, ಮದುವೆಯಾಗಿ ಹೊಸಕೋಟೆಗೆ ಹೋದಳು. ನನಗೆ ಕನ್ನಡ ಟೈಪಿಂಗ್ ಬರುತ್ತಿತ್ತು. ಯಶವಂತಪುರದ ಒಂದು ಪ್ರೆಸ್ಸಿನವರು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ ಕೊಡುತ್ತಿದ್ದರು. ಟೈಪ್ ಮಾಡಿ ಮೇಲ್‌ನಲ್ಲಿ ಕಳಿಸುತ್ತಿದ್ದೆ.

ನಾನು ಟೈಪ್ ಮಾಡುತ್ತಿದ್ದರೆ ಅಕ್ಕ ಪಕ್ಕದಲ್ಲೇ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಲಗ್ನಪತ್ರಿಕೆಯ ಹೆಸರುಗಳನ್ನು ಗಟ್ಟಿಯಾಗಿ ಓದಬೇಕು, ಅವಳು ಆ ಮದುವೆಯ ಹಣೆಬರಹ ಹೇಳಬೇಕು. "ಗಂಡಿನ ಕಡೆ ಎಸ್ರುಗಳೇ ಅರ್ಧ ಪುಟ ಆಗೈತಲ್ಲ, ಈ ಹುಡ್ಗಿ ರೊಟ್ಟಿ ತಟ್ಟಿ ತಟ್ಟಿ ಸಾಯ್ತಾಳೆ ಬಿಡು" ಅನ್ನುತ್ತಿದ್ದಳು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ನಡುಮನೆಯಲ್ಲಿ ವಿಸಿಡಿ ಪ್ಲೇಯರ್ ಹಾಕಿಕೊಂಡು ಇಬ್ಬರೂ ಪಿಚ್ಚರ್ ನೋಡುವುದು. ಒಂದು ಸಲ ಅಕ್ಕ ಕಂಪ್ಯೂಟರಿನ ಸಿಡಿಯನ್ನೇ ಪಿಚ್ಚರ್ ಅಂದುಕೊಂಡು ಅದರೊಳಗೆ ಹಾಕಿದಳು. ಪ್ಲೇಯರ್ ಗೊರಗೊರ ಅಂದು ನಿಂತಿತು. ನನಗೆ ಮೂಗಿನ ತುದಿಯಲ್ಲೇ ಕೋಪ. ರೇಗಿಬಿಟ್ಟೆ. ಆಮೇಲೆ ನೈಲ್ ಪಾಲಿಶ್ ತಂದು ಆ ಸಿಡಿಯ ಮೇಲೆ ಬೊಟ್ಟಿನಷ್ಟು ದಪ್ಪ ಕೆಂಪು ಚುಕ್ಕೆ ಇಟ್ಟೆ. "ಈ ಬೊಟ್ಟಿರೋದು ಕಂಪ್ಯೂಟರ್‌ದು ಅಕ್ಕ, ಇದನ್ನ ಮಾತ್ರ ಮುಟ್ಬೇಡ" ಅಂದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಅದಾದ ಮೇಲೆ ಒಂದು ದಿನವೂ ತಪ್ಪಲಿಲ್ಲ.

ಏರ್‌ಪೋರ್ಟ್ ಶುರುವಾಗಿ ಒಂದೆರಡು ವರ್ಷವಾಗಿತ್ತು. ಸುತ್ತಮುತ್ತ ಎಲ್ಲರ ತಲೆಯಲ್ಲೂ ಜಾಗದ ಲೆಕ್ಕಾಚಾರ ಓಡುತ್ತಿತ್ತು. ನಮ್ಮ ಮನೆಯ ಜಗಳ ಮಾತ್ರ ಬಚ್ಚಲ ನೀರು ಯಾವ ಕಡೆ ಹರಿಯಬೇಕು ಅನ್ನುವುದರಿಂದ ಶುರುವಾಯಿತು. ಅಣ್ಣ ತಮ್ಮ ಇಬ್ಬರೂ ಅಂಗಳದಲ್ಲಿ ನಿಂತು ಬಾಯಿಗೆ ಬಂದಹಾಗೆ ಬೈದಾಡಿಕೊಂಡರು. ಗೌರಿ ಹಬ್ಬ ಕಳೆದ ವಾರಕ್ಕೆ ಅವರ ಸೋದರಮಾವ ಬಂದು ಪಾಲು ಮಾಡಿಸಿದರು. ಮನೆ ಅರ್ಧ ಅರ್ಧ. ಬಟ್ಟೆ ಒಗೆಯುವ ಕಲ್ಲು ಆ ಕಡೆ ಒಂದು, ಈ ಕಡೆ ಒಂದು. ದ್ರಾಕ್ಷಿ ಚಪ್ಪರ ಅವರಿಗೆ, ತೆಂಗಿನ ಮರ ನಮಗೆ. ಟಿವಿ ಮತ್ತು ವಿಸಿಡಿ ಪ್ಲೇಯರ್ ಅವರಿಗೆ, ಕಂಪ್ಯೂಟರ್ ನಮಗೆ.

ಆಗ ಸಿಡಿಗಳ ಡಬ್ಬ ಬಂತು. ಸೋದರಮಾವ ಅದನ್ನು ಅಲ್ಲಾಡಿಸಿ ನೋಡಿ, "ಇವೆಲ್ಲಾ ಪಿಚ್ಚರ್ ಸೀಡಿ ತಾನೇ, ಪ್ಲೇಯರ್ ಜೊತೇಲೇ ಓಗ್ಲಿ" ಅಂದರು. ಕೆಂಪು ಚುಕ್ಕೆಯದು ಅದರೊಳಗೇ ಇತ್ತು. ನಾನು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅರ್ಧ ಗಂಟೆಗೆ ಮುಂಚೆ ಅವರು "ಹೆಂಗಸ್ರು ಬಾಯಿ ಹಾಕ್ಬೇಡಿ" ಅಂದಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಾಳಾಗಿ ಹೋಗಲಿ ಅಂತ ಸುಮ್ಮನಿದ್ದೆ.

ಎಲ್ಲ ಮುಗಿದ ಮೇಲೆ ಮನೆದೇವರ ಮುಂದೆ ಕರ್ಪೂರ ಹಚ್ಚಿ ನಾಲ್ಕೂ ಜನರ ಕೈಲಿ ಆಣೆ ಮಾಡಿಸಿದರು. ಮುಂದಿನ ಗೌರಿ ಹಬ್ಬದವರೆಗೆ, ಪಾಲಿನ ವಿಷಯ ಒಂದು ಬಿಟ್ಟು, ಈ ಮನೆಯವರು ಆ ಮನೆಯವರ ಜೊತೆ ಬೇರೆ ಮಾತಿಗೆ ಹೋಗಬಾರದು. ಮಾತು ಬೆಳೆದರೆ ತಾನೇ ಜಗಳ ಅನ್ನುವುದು ಅವರ ಯೋಚನೆ. ಗಂಡಸರಿಗೆ ಅದು ಸರಿಯಾಗಿಯೇ ಇತ್ತು. ಅಕ್ಕ ಮತ್ತು ನಾನು ಯಾವತ್ತೂ ಜಗಳವಾಡಿದವರೇ ಅಲ್ಲ, ನಮ್ಮ ಬಾಯಿಗೂ ಬೀಗ ಬಿತ್ತು. ನಾನಾದರೆ ಕದ್ದು ಮಾತಾಡಿಬಿಡುತ್ತಿದ್ದೆನೋ ಏನೋ. ಅಕ್ಕ ದೇವರಿಗೆ ತುಂಬ ಹೆದರುವವಳು. ಎರಡೇ ದಿನದಲ್ಲಿ ಗೋಡೆ ಎದ್ದಿತು.

ನಮ್ಮನೆಯವರು ಏರ್‌ಪೋರ್ಟಿನಲ್ಲಿ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಹತ್ತಿರ ಕೆಲಸಕ್ಕಿದ್ದರು. ಬೆಳಿಗ್ಗೆ ಆರಕ್ಕೆ ಹೋದರೆ ರಾತ್ರಿ ಊಟದ ಹೊತ್ತಿಗೆ ಬಂದು, ಉಂಡು ಮಲಗುವುದು. ನಮಗೆ ಮಕ್ಕಳಿಲ್ಲ. ಹಗಲೆಲ್ಲ ಆ ಅರ್ಧ ಮನೆಯಲ್ಲಿ ನಾನು ಮತ್ತು ಆ ಕಂಪ್ಯೂಟರ್. ಲಗ್ನಪತ್ರಿಕೆ ಟೈಪ್ ಮಾಡುವಾಗ ಅಭ್ಯಾಸಬಲದಿಂದ ಹೆಸರು ಗಟ್ಟಿಯಾಗಿ ಓದಿ, ಉತ್ತರ ಬಾರದೆ, ನನಗೇ ನಾಚಿಕೆಯಾಗಿ ಸುಮ್ಮನಾಗುತ್ತಿದ್ದೆ. ಎಷ್ಟೋ ದಿನ ಸಂಜೆಯ ಹಾಲು ತರಲು ಹೋದಾಗ ಅಂಗಡಿಯವನ ಹತ್ತಿರ ಆಡಿದ್ದೇ ಆ ದಿನದ ಮೊದಲ ಮಾತಾಗಿರುತ್ತಿತ್ತು.

ದೀಪಾವಳಿ ಹೊತ್ತಿಗೆ ಕಂಪ್ಯೂಟರಿಗೂ ಏನೋ ರೋಗ ಬಂತು. ಆನ್ ಮಾಡಿದರೆ ಅರ್ಧ ಗಂಟೆ ಏದುಸಿರು ಬಿಡುತ್ತಿತ್ತು. ಯಲಹಂಕದಿಂದ ಒಬ್ಬ ಮೆಕ್ಯಾನಿಕ್ ಬಂದು ನೋಡಿದ. ಬೆಂಗಳೂರಿನ ಮೆಕ್ಯಾನಿಕ್ಕುಗಳಿಗೆ ಗೊತ್ತಿರುವುದು ಒಂದೇ ಮದ್ದು. "ಫಾರ್ಮ್ಯಾಟ್ ಹೊಡೆದ್ಬಿಡೋಣ ಮೇಡಂ" ಅಂದ. ಹೊಡೆದ. ಎಲ್ಲ ಹೊಸದಾಗಿ ಹಾಕಿದ. ಚಿತ್ರ ಬಂತು, ಸದ್ದು ಬಂತು, ನೆಟ್ ಬರಲಿಲ್ಲ. ನೆಟ್ಟಿನ ವೈರು ಸಿಕ್ಕಿಸುವ ಲ್ಯಾನ್ ಕಾರ್ಡಿನ ಹೆಸರಿನ ಪಕ್ಕದಲ್ಲಿ ಒಂದು ಹಳದಿ ಪ್ರಶ್ನಾರ್ಥಕ ಚಿಹ್ನೆ ಬಂದು ಕೂತಿತು. "ಇದ್ರ ಡ್ರೈವರ್ ಬೇಕು. ಕಾರ್ಡಿಂದ ಹೇಗೆ ಕೆಲ್ಸ ತಗೋಬೇಕು ಅಂತ ಕಂಪ್ಯೂಟರಿಗೆ ಹೇಳ್ಕೊಡೋ ಪ್ರೋಗ್ರಾಂ ಅದು. ಸಿಡಿ ಕೊಟ್ಟಿರ್ತಾರಲ್ಲ, ಕೊಡಿ" ಅಂದ.

ಸಿಡಿ ಎಲ್ಲಿದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. "ಕಳೆದುಹೋಗಿದೆ" ಅಂದೆ.

ಹಾಗೆ ಯಾಕೆ ಅಂದೆ ಅಂದರೆ, ಅಕ್ಕನ ಮೇಲೆ ನನಗೆ ಸಿಟ್ಟಿತ್ತು. ಆಣೆ ಮಾತಿಗೆ ತಾನೇ, ಮುಖ ನೋಡಲು ಏನು ಅಡ್ಡಿ. ಗೋಡೆ ಎದ್ದ ದಿನದಿಂದ ಅವಳು ಒಂದು ಸಲವೂ ಗೋಡೆ ಪಕ್ಕದ ಆ ಒಗೆಯುವ ಕಲ್ಲಿನ ಮೇಲೆ ಹತ್ತಿ ಈ ಕಡೆ ಇಣುಕಿರಲಿಲ್ಲ. ನಾನು ಮಾತ್ರ ನಮ್ಮ ಕಡೆಯ ಕಲ್ಲು ಹತ್ತಿ ಬಟ್ಟೆ ಒಣಗಿಸುವ ನೆಪದಲ್ಲಿ ಕತ್ತು ಉದ್ದ ಮಾಡಿಕೊಂಡು ನಿಂತಿರುತ್ತಿದ್ದೆ. ಆಮೇಲೆ ಅದನ್ನೂ ಬಿಟ್ಟೆ. ನನ್ನನ್ನು ಮರೆತೇ ಬಿಟ್ಟವಳ ಬಾಗಿಲಿಗೆ ಹೋಗಿ ಒಂದು ಸಿಡಿಗೆ ಕೈಯೊಡ್ಡುವುದೇ ಅನ್ನಿಸಿತು. ಊರೆಲ್ಲ ಸುತ್ತಿಯಾದರೂ ತರುತ್ತೇನೆ, ಅಲ್ಲಿ ಕೇಳುವುದಿಲ್ಲ.

ಊರೆಲ್ಲ ಸುತ್ತಿದೆ. ನೆಟ್ಟಿನ ಡ್ರೈವರ್ ಸಿಗುವುದು ನೆಟ್ಟಿನಲ್ಲಿ, ನೆಟ್ ಬರಬೇಕಾದರೆ ಡ್ರೈವರ್ ಬೇಕು. ಪೆನ್ ಡ್ರೈವ್ ತೆಗೆದುಕೊಂಡು ಬ್ಯಾಟರಾಯನಪುರದ ಸೈಬರ್ ಸೆಂಟರಿಗೆ ಹೋಗುತ್ತಿದ್ದೆ. ಕಾರ್ಡಿನ ಮೇಲಿನ ಅಕ್ಷರ ಅರ್ಧ ಅಳಿಸಿಹೋಗಿತ್ತು. ಒಂದು ಅಂಕಿ ಮೂರೋ ಎಂಟೋ ತಿಳಿಯದು. ಮೂರು ಅಂದುಕೊಂಡು ಒಂದು ಡ್ರೈವರ್ ಇಳಿಸಿಕೊಂಡು ಬಂದೆ, ಕೂರಲಿಲ್ಲ. ಎಂಟು ಅಂದುಕೊಂಡು ಇನ್ನೊಂದು ತಂದೆ, ಅದೂ ಕೂರಲಿಲ್ಲ. ಹೀಗೆ ಐದಾರು ಸಲ. ಪ್ರತಿ ಸಲವೂ ಆ ಹಳದಿ ಚಿಹ್ನೆ ನನ್ನನ್ನು ನೋಡಿ ಹಲ್ಲು ಕಿರಿಯುತ್ತಿತ್ತು. ಪ್ರೆಸ್ಸಿನ ಕೆಲಸವನ್ನು ಪೆನ್ ಡ್ರೈವಿನಲ್ಲೇ ಹಾಕಿಕೊಂಡು ವಾರಕ್ಕೆರಡು ಸಲ ಯಶವಂತಪುರಕ್ಕೆ ಬಸ್ಸಿನಲ್ಲಿ ಹೋಗಿ ಕೊಟ್ಟು ಬರುತ್ತಿದ್ದೆ.

ಕೊನೆಗೆ ಒಂದು ದಿನ ಸಿಪಿಯುವನ್ನೇ ಹಳೇ ಸೀರೆಯಲ್ಲಿ ಸುತ್ತಿಕೊಂಡು ಆರ್.ಟಿ. ನಗರಕ್ಕೆ ಹೊರಟೆ. ಹೆಬ್ಬಾಳದಲ್ಲಿ ಬಸ್ ಬದಲಾಯಿಸಿದಾಗ ಒಬ್ಬ ಹೆಂಗಸು ದಡಬಡ ಎದ್ದು ಸೀಟು ಬಿಟ್ಟುಕೊಟ್ಟಳು. ಕೂತ ಮೇಲೆ ಬಗ್ಗಿ ಸೀರೆಯೊಳಗೆ ನೋಡಿ, ತಗಡಿನ ಡಬ್ಬ ಕಂಡು ಅವಳ ಮುಖ ಹೇಗೋ ಆಯಿತು. ಮಗು ಅಂದುಕೊಂಡಿದ್ದಳು. ನಾನು ಕಿಟಕಿಯಾಚೆ ತಿರುಗಿ ಕೂತೆ. ನನಗೆ ಅಳು ಬಂತು, ಅದನ್ನು ಮುಚ್ಚಿಡುವುದೇನಿದೆ.

ಆರ್.ಟಿ. ನಗರದ ಒಂದು ಓಣಿಯಲ್ಲಿ ರಿಪೇರಿ ಅಂಗಡಿ. ಬಿಳಿ ಗಡ್ಡದ ಸಾಬರು ಒಬ್ಬರು ಡಬ್ಬ ಬಿಚ್ಚಿ, ಕಾರ್ಡು ಹೊರಗೆ ತೆಗೆದು, ಕನ್ನಡಕ ಹಣೆಗೇರಿಸಿ ನೋಡಿದರು. "ಅಮ್ಮಾ, ಇದು ನಂ ಕಾಲದ್ದು. ಇದ್ರ ಡ್ರೈವರ್ ಹುಡುಕೋದು ಸುಮ್ನೆ ತಲೆನೋವು. ಹೊಸಾ ಕಾರ್ಡ್ ತಗೊಂಡೋಗಿ. ಜೊತೇಲೇ ಸಿಡಿ ಕೊಡ್ತಾರೆ, ಐದು ನಿಮಿಷದ ಕೆಲಸ" ಅಂದರು. ಈಗಲೇ ಹಾಕಿಕೊಡಲೇ ಅಂತಲೂ ಕೇಳಿದರು. ಹಸಿವಾಗಿತ್ತು, ಬಸ್ ತಪ್ಪುವ ಗಾಬರಿಯೂ ಇತ್ತು. ಮನೆಯಲ್ಲಿ ನಾನೇ ಹಾಕಿಕೊಳ್ಳುತ್ತೇನೆ ಅಂತ ಹೊಸ ಕಾರ್ಡಿನ ಡಬ್ಬವನ್ನು ಬ್ಯಾಗಿಗೆ ಹಾಕಿಕೊಂಡೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಆ ಸಿಡಿ ಪಾಲಿನಲ್ಲಿ ತಪ್ಪಿ ಆ ಮನೆಗೆ ಹೋದ ವಸ್ತು. ಅದನ್ನು ಕೇಳುವುದು ಪಾಲಿನ ವಿಷಯ. ಕರ್ಪೂರ ಹಚ್ಚಿ ಮಾಡಿದ ಆಣೆ ಅದಕ್ಕೆ ಅಡ್ಡ ಬರುವುದಿಲ್ಲ. ಇಡೀ ಒಂದು ವರ್ಷದಲ್ಲಿ ಅಕ್ಕನ ಜೊತೆ ನಾನು ಆಡಬಹುದಾದ ಮಾತು ಅಂತ ಒಂದಿದ್ದರೆ ಅದು ಆ ಸಿಡಿ. ಈ ಹೊಸ ಕಾರ್ಡು ಹಾಕಿಬಿಟ್ಟರೆ ಅದೂ ಇಲ್ಲ. ಮನೆಗೆ ಬಂದು ಹೊಸ ಕಾರ್ಡಿನ ಡಬ್ಬವನ್ನು ಬಿಚ್ಚದೆ ಅಲಮಾರಿಯಲ್ಲಿ ಸೀರೆಗಳ ಕೆಳಗೆ ಇಟ್ಟೆ.

ಇಟ್ಟಿದ್ದೇನೋ ಆಯಿತು, ಕೇಳುವ ಧೈರ್ಯ ಬರಲಿಲ್ಲ. ಕೇಳಿ, ಅವಳು ಸಿಡಿಯನ್ನು ಗೋಡೆಯ ಮೇಲಿಟ್ಟು ಮುಖ ತಿರುಗಿಸಿಕೊಂಡು ಹೋದರೆ ಏನು ಮಾಡಲಿ? ಹೀಗೇ ದಿನ ತಳ್ಳಿದೆ. ಆ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ಸುಮಾರಿಗೆ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಬೆಳಕಿನ ಬಿಲ್ಲೆಗಳು ಓಡಾಡುತ್ತಿದ್ದವು. ಎದುರಿಗೆ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಗಾಜಿನದು ಅಂದುಕೊಂಡಿದ್ದೆ. ಸಂಕ್ರಾಂತಿ ಕಳೆದ ಮೇಲೆ ನೀರು ಬರಲಿಲ್ಲ ಅಂತ ಟ್ಯಾಂಕ್ ನೋಡಲು ತಾರಸಿಗೆ ಹತ್ತಿದೆ. ಕೆಳಗೆ ಅಕ್ಕನ ದ್ರಾಕ್ಷಿ ಚಪ್ಪರ. ಕಾಯಿ ಗೊಂಚಲು ಗೊಂಚಲಾಗಿ ಬಿಟ್ಟಿತ್ತು. ಗಿಳಿ ಬಾರದಿರಲಿ ಅಂತ ಚಪ್ಪರದ ತುಂಬ ಸಿಡಿಗಳನ್ನು ದಾರದಲ್ಲಿ ಕಟ್ಟಿ ಇಳಿಬಿಟ್ಟಿದ್ದಳು. ನಮ್ಮ ಕಡೆಯ ಗೋಡೆಗೆ ತೀರ ಹತ್ತಿರದ ಕಂಬದಲ್ಲಿ ತಿರುಗುತ್ತಿದ್ದುದರ ಮೇಲೆ ಕೆಂಪು ಚುಕ್ಕೆಯಿತ್ತು.

ನೇರ ಇಳಿದು ಹೋಗಿ ಕಲ್ಲು ಹತ್ತಿದೆ. ಅಕ್ಕ ಆ ಕಡೆ ಪಾತ್ರೆ ಬೆಳಗುತ್ತಿದ್ದಳು. ನನ್ನ ಬಾಯಿಂದ ಬಂದ ಮಾತು ಕೋರ್ಟಿನಲ್ಲಿ ಹೇಳಿಕೆ ಕೊಟ್ಟ ಹಾಗಿತ್ತು.

"ನಮ್ಮ ಪಾಲಿಗೆ ಬರ್ಬೇಕಾಗಿದ್ದ ಒಂದು ಸಿಡಿ ನಿಮ್ಮನೆಗೆ ಬಂದಿದೆ. ಕಂಪ್ಯೂಟರ್‌ದು. ಅದಿಲ್ದೆ ಕೆಲಸ ನಿಂತಿದೆ."

ಅಕ್ಕ ತಲೆಯೆತ್ತಿದಳು. ನಾಲ್ಕು ತಿಂಗಳಲ್ಲಿ ಬಡವಾಗಿದ್ದಳು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ತನ್ನ ಕಡೆಯ ಕಲ್ಲು ಹತ್ತಿದಳು. ಈಗ ಇಬ್ಬರ ಮುಖವೂ ಎದುರೆದುರು. ಅವಳ ತಲೆಗೆ ತಾಗುವಷ್ಟು ಹತ್ತಿರ ಕೆಂಪು ಚುಕ್ಕೆ ತಿರುಗುತ್ತಿತ್ತು. ಅವಳು ಅದನ್ನು ನೋಡಿದಳು, ನಾನೂ ನೋಡಿದೆ. ಆಮೇಲೆ ಅವಳು ಕೈಚಾಚಿ ಅದರ ಆಚೆಯದನ್ನು ಬಿಚ್ಚಿದಳು.

"ಇದಾ ನೋಡು ನಿಮ್ದು" ಅಂದಳು.

ಅದು ಯಾವುದೋ ಪಿಚ್ಚರಿನ ಎರಡನೇ ಭಾಗ. ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ನಾನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದೆ. "ಗೊತ್ತಾಗ್ತಿಲ್ಲ, ಕಂಪ್ಯೂಟರಿಗೆ ಹಾಕಿ ನೋಡಿ ನಾಳೆ ಹೇಳ್ತೀನಿ" ಅಂದೆ.

"ಅಂಗೇ ಮಾಡು" ಅಂದಳು.

ಕಲ್ಲಿನಿಂದ ಇಳಿದು ಆ ಸಿಡಿಯನ್ನು ಸೆರಗಿನಲ್ಲಿ ಒರೆಸಿ ಕಂಪ್ಯೂಟರಿನ ಪಕ್ಕ ಇಟ್ಟೆ.

ಮಾರನೆಯ ದಿನ ಅದೇ ಹೊತ್ತಿಗೆ ಕಲ್ಲು ಹತ್ತಿದರೆ ಅವಳು ಆಗಲೇ ಹತ್ತಿ ನಿಂತಿದ್ದಳು. "ಅದಲ್ಲ" ಅಂದೆ. "ಮತ್ಯಾವ್ದು ಅದು?" ಅಂದಳು. ಸಿಡಿ ಯಾವುದು ಅನ್ನುವುದು ಪಾಲಿನ ವಿಷಯವೇ ತಾನೇ, ಹೇಳಿದೆ. "ಆ ನಾಯಿ ಬರೋ ಪಿಚ್ಚರ್. ನೀನು ಅತ್ತಿದ್ಯಲ್ಲ ಅಕ್ಕ."

"ನಾನೆಲ್ಲಿ ಅತ್ತೆ. ಈರುಳ್ಳಿ ಎಚ್ತಿದ್ದೆ."

"ಎರಡು ಗಂಟೆ ಈರುಳ್ಳಿ ಹೆಚ್ತಿದ್ಯಾ?"

"ಅವತ್ತು ನೆಂಟ್ರು ಬಂದಿದ್ರು ಕಣೇ" ಅಂದು, ಇನ್ನೊಂದು ಸಿಡಿ ಬಿಚ್ಚಿ ಕೊಟ್ಟಳು.

ಹೀಗೆ ದಿನಕ್ಕೊಂದು. ಚಪ್ಪರದಲ್ಲಿ ಒಟ್ಟು ಇಪ್ಪತ್ತೊಂದು ಸಿಡಿ ಇದ್ದವು, ಮೊದಲನೇ ದಿನವೇ ತಾರಸಿಯಿಂದ ಎಣಿಸಿದ್ದೆ. ನಾವು ಆಣೆ ಮುರಿಯಲಿಲ್ಲ. ಮಾತು ಯಾವತ್ತೂ ಆ ದಿನದ ಸಿಡಿಯದ್ದೇ. ಆದರೆ ಈ ಪಿಚ್ಚರ್ ನೋಡಿದ ದಿನ ನನಗೆ ಜ್ವರ ಬಂದದ್ದು, ಅವಳು ಮೆಣಸಿನ ಸಾರು ಮಾಡಿಕೊಟ್ಟದ್ದು, ಇನ್ನೊಂದು ನೋಡಿದ ದಿನ ಅವಳ ಮಗಳ ಮದುವೆ ಗಟ್ಟಿಯಾದದ್ದು, ಮಗಳು ಈಗ ಫೋನ್ ಮಾಡುವುದನ್ನು ಕಡಿಮೆ ಮಾಡಿರುವುದು, ಎಲ್ಲ ಅದರೊಳಗೇ ಬರುತ್ತಿತ್ತು. ಕಾಲು ಗಂಟೆ. ಆ ಕಾಲು ಗಂಟೆಗಾಗಿ ನಾನು ಹಿಂದಿನ ದಿನದಿಂದ ಕಾಯುತ್ತಿದ್ದೆ. ಅವಳು ಕೂಡ ಕಾಯುತ್ತಿದ್ದಳು ಅನ್ನುವುದು ಅವಳ ತಲೆ ನೋಡಿದರೆ ಗೊತ್ತಾಗುತ್ತಿತ್ತು. ಬಾಚಿ ಹೂ ಮುಡಿದುಕೊಂಡು ಬರುತ್ತಿದ್ದಳು.

ನಮ್ಮನೆಯವರು ಒಂದು ದಿನ ಊಟಕ್ಕೆ ಕೂತವರು, "ಇನ್ನೂ ನೆಟ್ ಬರ್ಲಿಲ್ವಾ? ಹೊಸ ಕಾರ್ಡ್ ತರ್ಲಾ?" ಅಂತ ಕೇಳಿದರು. "ಬೇಡ. ನಮ್ಮ ಪಾಲಿಂದು ಅವರ ಮನೇಲಿದೆ. ಅದನ್ಯಾಕೆ ಬಿಡ್ಬೇಕು? ದಿನಾ ಕೇಳ್ತಿದೀನಿ" ಅಂದೆ. ಅವರಿಗೆ ಬಹಳ ಸಂತೋಷವಾಯಿತು. "ಬಿಡ್ಬೇಡ ಮತ್ತೆ" ಅಂತ ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಅಲಮಾರಿಯಲ್ಲಿ ಸೀರೆಯ ಕೆಳಗಿದ್ದ ಡಬ್ಬ ನೆನಪಾಗಿ ನಗು ತಡೆದುಕೊಳ್ಳಲು ಒಳಗೆ ಹೋದೆ.

ಸಿಡಿ ಕಡಿಮೆಯಾಗುತ್ತ ಬಂದಂತೆ ಗಿಳಿಗಳು ಬರತೊಡಗಿದವು. ಶಿವರಾತ್ರಿ ಹತ್ತಿರ, ಹಣ್ಣು ಕಪ್ಪಾಗುವ ಕಾಲ. ಮೊದಲು ಎರಡು ಮೂರು ಬಂದವು, ಆಮೇಲೆ ಹಿಂಡು ಹಿಂಡೇ ಬಂತು. ಬೆಳಿಗ್ಗೆ ಕಲ್ಲು ಹತ್ತಿದರೆ ಆ ಕಡೆ ಅಂಗಳದ ತುಂಬ ಕಚ್ಚಿ ಬಿಸಾಡಿದ ಹಣ್ಣು. ಪ್ರತಿ ವರ್ಷ ಅಕ್ಕ ಆ ದ್ರಾಕ್ಷಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವಳು, ನೆಂಟರಿಷ್ಟರಿಗೆಲ್ಲ ಬುಟ್ಟಿ ಕಳಿಸುವವಳು. ಒಂದು ದಿನ ಭಾವ ಕೂಗಾಡುವುದು ಗೋಡೆಯಾಚೆಯಿಂದ ಕೇಳಿಸಿತು. "ಕಟ್ಟಿದ್ ಸೀಡಿಯೆಲ್ಲಾ ಎಲ್ಲಿ ಓದ್ವು? ಒಂದ್ ಗೊಂಚಲೂ ಉಳೀಲಿಲ್ಲವಲ್ಲ." ಅದಕ್ಕೆ ಅಕ್ಕ ಅಂದದ್ದು ಇಷ್ಟೇ. "ಗಾಳಿಗೆ ಬಿದ್ದೋದ್ವು. ಓಗ್ಲಿ ಬಿಡಿ, ಗಿಳಿಗೂ ಒಟ್ಟೆ ಐತೆ."

ಮಾರನೇ ದಿನ, ಕೊಟ್ಟ ಸಿಡಿಯನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ ಗೋಡೆಯ ಮೇಲಿಟ್ಟೆ. "ಇವ್ಯಾವ್ದೂ ನಮ್ದಲ್ಲ. ವಾಪಸ್ ಕಟ್ಕೋ ಅಕ್ಕ, ಹಣ್ಣೆಲ್ಲ ಹೋಗ್ತಿದೆ" ಅಂದೆ.

ಅವಳು ಕವರನ್ನು ನನ್ನ ಕಡೆಗೇ ತಳ್ಳಿದಳು. "ಅಣ್ಣು ಮುಂದಿನ್ ವರ್ಷ ಬಿಡ್ತದೆ" ಅಂದಳು.

ಚಪ್ಪರದಲ್ಲಿ ಉಳಿದಿದ್ದುದು ಆ ಒಂದೇ ಸಿಡಿ. ಬರಿಯ ಎಲೆಗಳ ನಡುವೆ ಒಂಟಿಯಾಗಿ ತಿರುಗುತ್ತಿತ್ತು, ಕೆಂಪು ಚುಕ್ಕೆ ಬಿಸಿಲಿಗೆ ಗುಲಾಬಿಯಾಗಿತ್ತು. ಅಕ್ಕ ಅದನ್ನು ಬಿಚ್ಚಿ ಅಂಗೈ ಮೇಲಿಟ್ಟುಕೊಂಡಳು. ಬೊಟ್ಟಿನ ಮೇಲೆ ಹೆಬ್ಬೆರಳು ಸವರಿದಳು.

"ಇದನ್ನ ಕಟ್ದಾಗ ಬಳ್ಳೀಲಿ ಕಾಯಿನೇ ಇರ್ಲಿಲ್ಲ ಕಣೇ" ಅಂದಳು. "ಕಾಯಿ ಇಲ್ದೆ ಗಿಳಿಗೆ ಯಾರಾದ್ರೂ ಸೀಡಿ ಕಟ್ತಾರಾ? ಮೆಕ್ಯಾನಿಕ್ಕು ಬಂದು ಸೀಡಿ ಕೇಳಿದ್ದು ಇಲ್ಲೀಗಂಟ ಕೇಳಿಸ್ತು. ನಿನ್ ಕಣ್ಣಿಗೆ ಬೀಳ್ಲಿ, ನಿಮ್ದೇ ವಸ್ತು ಅಂತ ಕೇಳ್ಕೊಂಡು ಬರ್ಲಿ ಅಂತ ಅವತ್ತೇ ಇಲ್ಲಿ ಕಟ್ದೆ. ನೀನು ಡಬ್ಬ ಒತ್ಕೊಂಡು ಊರೆಲ್ಲ ತಿರುಗ್ದೆ."

ಆ ಅಡುಗೆಮನೆಯ ಬೆಳಕಿನ ಬಿಲ್ಲೆಗಳನ್ನು ತಿಂಗಳುಗಟ್ಟಲೆ ನೋಡಿಕೊಂಡು ಸಾರು ಕುದಿಸಿದವಳು ನಾನು. ಅವಳು ನನ್ನನ್ನು ಮರೆತಳು ಅಂತ ಸಿಟ್ಟು ಮಾಡಿಕೊಂಡವಳು ನಾನು. ಕೈ ಚಾಚಿದೆ. ಅವಳು ಕೊಡಲಿಲ್ಲ.

"ಇದ್ ಕೊಟ್ಬಿಟ್ರೆ ನಾಳೆ ಏನ್ ಕೊಡ್ಲಿ?" ಅಂದಳು.

ಅಂದು, ಸಿಡಿಯನ್ನು ಮತ್ತೆ ಅದೇ ದಾರಕ್ಕೆ ಕಟ್ಟಿ, "ನಿಮ್ ಸೀಡಿ ಇನ್ನೂ ಸಿಕ್ಕಿಲ್ಲ. ಮನೇಲಿ ಎಲ್ಲಾದ್ರೂ ಇರ್ತದೆ. ಉಡುಕ್ತೀನಿ, ನಾಳೆ ಬಂದು ಕೇಳು" ಅಂದಳು.

ಅಲ್ಲಿಂದ ಮುಂದೆ ದಿನವೂ ಹಾಗೆಯೇ. ನಾನು ಕಲ್ಲು ಹತ್ತಿ "ಸಿಕ್ತಾ?" ಅನ್ನಬೇಕು. ಅವಳು "ಇಲ್ಲ ಕಣೇ, ಅಟ್ಟದ ಮೇಲೆಲ್ಲಾ ನೋಡ್ದೆ" ಅನ್ನಬೇಕು. ಅಟ್ಟದ ಮೇಲೆ ಏನೇನಿತ್ತು ಅನ್ನುವುದು ಒಂದು ದಿನದ ಮಾತು. ಮಂಚದ ಕೆಳಗೆ ಹುಡುಕಿದ್ದು ಇನ್ನೊಂದು ದಿನದ್ದು. ಮಗಳ ಹಳೇ ಪೆಟ್ಟಿಗೆಯಲ್ಲಿ ಹುಡುಕಿದ್ದು ಎರಡು ದಿನ ಸಾಗಿತು. "ಸರಿಯಾಗಿ ಹುಡುಕು ಅಕ್ಕ" ಅಂತ ನಾನು ಗದರುತ್ತಿದ್ದೆ. ಸಿಡಿ ನಮ್ಮಿಬ್ಬರ ತಲೆಯ ಮೇಲೆಯೇ ತಿರುಗುತ್ತಿತ್ತು.

ಯುಗಾದಿ ಕಳೆಯಿತು. ಭಾವ ತಮ್ಮ ಅರ್ಧವನ್ನು ಬಿಲ್ಡರ್ ಒಬ್ಬನಿಗೆ ಕೊಟ್ಟರು. ಅದನ್ನು ಅಕ್ಕ ನನಗೆ ಹೇಳುವ ಹಾಗಿರಲಿಲ್ಲ. ಕೊಟ್ಟದ್ದು ಅವರ ಪಾಲು, ನಮ್ಮ ಪಾಲಿಗೂ ಅದಕ್ಕೂ ಸಂಬಂಧವಿಲ್ಲ. ಒಂದು ವಾರ ಅವಳು ಕಲ್ಲು ಹತ್ತಲಿಲ್ಲ. ಎಂಟನೇ ದಿನ ಬೆಳಿಗ್ಗೆ ಅವರ ಮನೆಯ ಮುಂದೆ ಟೆಂಪೋ ನಿಂತಿತ್ತು. ಭಾನುವಾರ, ನಮ್ಮನೆಯವರೂ ಮನೆಯಲ್ಲಿದ್ದರು. ನಾನು ಬಾಗಿಲಲ್ಲಿ ನಿಂತು ಬೀರು, ಮಂಚ, ಟಿವಿ ಒಂದೊಂದೇ ಹತ್ತುವುದನ್ನು ನೋಡಿದೆ. ಬ್ಯಾಟರಾಯನಪುರದಲ್ಲಿ ಫ್ಲಾಟಂತೆ ಅಂತ ಬೀದಿಯಲ್ಲಿ ಯಾರೋ ಅಂದರು.

ಕೊನೆಗೆ ಅಕ್ಕ ಹೊರಗೆ ಬಂದಳು. ಟೆಂಪೋ ಕಡೆಗೆ ಹೋಗದೆ ನೇರ ನಮ್ಮ ಗೇಟಿನ ಹತ್ತಿರ ಬಂದು ನಿಂತಳು. ಭಾವ ನೋಡುತ್ತಿದ್ದರು, ನಮ್ಮನೆಯವರು ನೋಡುತ್ತಿದ್ದರು, ಬೀದಿಯೇ ನೋಡುತ್ತಿತ್ತು. ಅವಳ ಕೈಯಲ್ಲಿ ಆ ಸಿಡಿ ಇತ್ತು, ದಾರದ ಸಮೇತ.

"ನಿಮ್ ಪಾಲಿಂದು" ಅಂದಳು. "ಸಿಕ್ತು."

ನಾನು ಇಸಿದುಕೊಂಡೆ. ಇನ್ನು ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಅವಳ ಕಣ್ಣು ತುಂಬಿತ್ತು, ನನ್ನದೂ ಅಷ್ಟೇ. ನಮ್ಮನೆಯವರು ಹಿಂದಿನಿಂದ "ಕೊನೆಗೂ ಕೊಟ್ರಲ್ಲ" ಅಂದರು. ಟೆಂಪೋ ಹೋಯಿತು.

ಆ ದಿನ ಮಧ್ಯಾಹ್ನ ಸಿಡಿಯನ್ನು ಕಂಪ್ಯೂಟರಿಗೆ ಹಾಕಿದೆ. ಗೊರಗೊರ ಅಂದು ನಿಂತಿತು. ತೆಗೆದು ಬೆಳಕಿಗೆ ಹಿಡಿದರೆ ಬೆಳ್ಳಿಯ ಪದರ ಅಲ್ಲಲ್ಲಿ ಎದ್ದು ಆಚೆಯ ಕಿಟಕಿ ಕಾಣುತ್ತಿತ್ತು. ಅಷ್ಟು ತಿಂಗಳ ಬಿಸಿಲು. ಅಲಮಾರಿಯಿಂದ ಹೊಸ ಕಾರ್ಡಿನ ಡಬ್ಬ ತೆಗೆದು, ಸ್ಕ್ರೂ ಬಿಚ್ಚಿ, ಹಾಕಿದೆ. ಸಾಬರು ಹೇಳಿದ ಹಾಗೆ ಐದೇ ನಿಮಿಷ ಹಿಡಿಯಿತು. ಹಳದಿ ಚಿಹ್ನೆ ಹೋಯಿತು, ನೆಟ್ ಬಂತು. ಪ್ರೆಸ್ಸಿನವರಿಗೆ ಮೇಲ್ ಕಳಿಸಿ, ಕಂಪ್ಯೂಟರ್ ಆರಿಸಿ, ಗೋಡೆಗೆ ಬೆನ್ನು ಕೊಟ್ಟು ಕೂತೆ. ಆ ಕಡೆಯಿಂದ ಒಂದು ಪಾತ್ರೆಯ ಸದ್ದೂ ಇರಲಿಲ್ಲ. ಆಮೇಲಿನ ತಿಂಗಳುಗಳನ್ನು ಹೇಗೆ ಕಳೆದೆ ಅಂತ ಕೇಳಿದರೆ ನನಗೆ ಸರಿಯಾಗಿ ನೆನಪಿಲ್ಲ. ಬಹಳ ಲಗ್ನಪತ್ರಿಕೆ ಟೈಪ್ ಮಾಡಿದೆ.

ಗೌರಿ ಹಬ್ಬ ಬಂತು, ಆಣೆ ತೀರಿತು. ಬಾಗಿನ ತೆಗೆದುಕೊಂಡು ಬ್ಯಾಟರಾಯನಪುರಕ್ಕೆ ಹೋದೆ. ನಾಲ್ಕನೇ ಮಹಡಿ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡಿದ್ದೆ. ಅಕ್ಕ ಬಾಗಿಲು ತೆಗೆದಳು, ಒಳಗೆ ಕರೆದಳು, ಹೊಸ ಕಪ್ಪಿನಲ್ಲಿ ಕಾಫಿ ಕೊಟ್ಟಳು. ಸೋಫಾದಲ್ಲಿ ಎದುರೆದುರು ಕೂತೆವು. ತಿಂಗಳುಗಟ್ಟಲೆ ಸಿಡಿಯ ನೆಪದಲ್ಲಿ ಆಡಿದವರಿಗೆ, ಈಗ ಏನು ಬೇಕಾದರೂ ಆಡಬಹುದು ಅಂದಾಗ ಒಂದೂ ಬರಲಿಲ್ಲ. ಅವಳು ಬಾಗಿನದ ಮೊರದ ಅಂಚು ಸವರುತ್ತಿದ್ದಳು. ಫ್ಲಾಟ್ ಚೆನ್ನಾಗಿದೆ ಅಂದೆ, ಹ್ಞೂ ಅಂದಳು. ನೀರು ಬರುತ್ತದಾ ಅಂದೆ, ಬರುತ್ತದೆ ಅಂದಳು. ನನಗೆ ಭಯವಾಯಿತು. ಇವಳು ಇನ್ನು ಬೇರೆ ಮನೆಯವಳೇ ಆಗಿಬಿಟ್ಟಳು ಅನ್ನಿಸಿತು. ಕಪ್ಪು ಕೆಳಗಿಟ್ಟು ಎದ್ದೆ.

ಬಾಗಿಲ ತನಕ ಬಂದವಳು ಚಿಲಕದ ಮೇಲೆ ಕೈಯಿಟ್ಟು ನಿಂತಳು.

"ಆ ಸೀಡಿ ಆಗ್ಬಂತಾ? ಕಂಪ್ಯೂಟರ್ ಸರಿ ಓಯ್ತಾ?" ಅಂದಳು.

ಆ ದಿನ ಬೆಳಿಗ್ಗೆಯೇ ಪ್ರೆಸ್ಸಿಗೆ ನಾಲ್ಕು ಮೇಲ್ ಕಳಿಸಿ ಬಂದಿದ್ದೆ.

"ಇಲ್ಲ ಅಕ್ಕ" ಅಂದೆ. "ಅದಲ್ವಂತೆ. ಬೇರೆ ಸಿಡಿ ಬೇಕಂತೆ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಾಗಿಲಿಗೆ ಮತ್ತೆ ಚಿಲಕ ಹಾಕಿದಳು.

"ಅಂಗಾದ್ರೆ ಕೂತ್ಕೋ" ಅಂದಳು. "ಒಳ್ಗೆ ಇನ್ನೊಂದ್ ಡಬ್ಬ ಐತೆ. ಉಡುಕೋಣ."